ಕುಬಸಕ್ಕೆ ಚಂದ್ರಕಾಳಿ: ಪೂರ್ತಿ ಸೀರೆಗೆ ಕಸೂತಿ ಹಾಕಿದ ಅನುಭವ

ಪೂರ್ತಿ ಸೀರೆಗೆ ಕೈಯಿಂದ ಕಸೂತಿ ಹಾಕಬೇಕು ಎಂದು ಹೊರಟವರು ಮೊದಲು ಬಟ್ಟೆ ನೋಡಿ. ದಾರ, ಸೂಜಿ, ಚಿತ್ರ ಎಲ್ಲ ಆಮೇಲೆ. ನನ್ನ ಮುಕ್ಕಾಲು ಪರದಾಟ ಬಟ್ಟೆಯದ್ದೇ ಆಗಿತ್ತು. ಸೀರೆ ಮುಗಿದು, ಮಗಳು ಉಟ್ಟು, ಫೋಟೊ ಎಲ್ಲ ಆದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಇದೇ ದಾರಿ ಹಿಡಿಯುವವರಿಗೆ ಎಲ್ಲಿ ಕಾಯಬೇಕು, ದುಡ್ಡು ಎಲ್ಲಿ ಹೋಗುತ್ತದೆ, ಕಣ್ಣು ಎಲ್ಲಿ ಸೋಲುತ್ತದೆ ಎಂದು ಮೊದಲೇ ಗೊತ್ತಿರಲಿ ಅಂತ.

ನಾವು ಸೊಲ್ಲಾಪುರದವರು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಪಕ್ಕದ ಮನೆಯ ಪದ್ಮಶಾಲಿಗಳ ಜೊತೆ ಅರೆಬರೆ ತೆಲುಗು. ಕಾರಹುಣ್ಣಿಮೆಯ ಸುಮಾರಿಗೆ ಮಗಳು ಫೋನ್ ಮಾಡಿ ಸಿಹಿ ಸುದ್ದಿ ಹೇಳಿದಳು. ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಚಂದ್ರಕಾಳಿ ಎಂಬ ಕಪ್ಪು ಸೀರೆ ಉಡಿಸಬೇಕು, ಅದಕ್ಕೆ ಕಸೂತಿ ನಾನೇ ಹಾಕಬೇಕು ಎಂದು ಅವತ್ತೇ ಮನಸ್ಸಿಗೆ ಬಂತು. ಶುಭಕಾರ್ಯಕ್ಕೆ ಕಪ್ಪು ಸೀರೆಯಾ ಎಂದು ಕೇಳುವವರು ಇದ್ದೇ ಇರುತ್ತಾರೆ. ಆದರೆ ಬಸುರಿಗೆ ಕಪ್ಪು ಇಳಕಲ್ ಸೀರೆ, ಅದರ ಮೇಲೆ ಕಸೂತಿ, ಇದು ಉತ್ತರ ಕರ್ನಾಟಕದ ಹಳೆಯ ರೂಢಿ. ಇಲ್ಲಿನ ಮರಾಠಿ ಹೆಂಗಸರು ಸಂಕ್ರಾಂತಿಗೆ ಕಪ್ಪನ್ನೇ ಉಡುತ್ತಾರೆ. ಹಾಗಾಗಿ ನಮ್ಮ ಓಣಿಯಲ್ಲಿ ಯಾರೂ ಮೂಗು ಮುರಿಯಲಿಲ್ಲ.

ಸೀರೆ ಹುಡುಕಲು ನವಿ ಪೇಠಕ್ಕೆ ಹೋದೆ. ಇರಕಲ್ (ಇಳಕಲ್ ಸೀರೆಗೆ ಇಲ್ಲಿನವರ ಹೆಸರು) ಬೇಕು ಎಂದರೆ ಸಾಕು, ಅಂಗಡಿಯವರು ಗಾದಿಯ ತುಂಬ ಹರವಿಬಿಡುತ್ತಾರೆ. ನೋಡಲು ಎಲ್ಲವೂ ಚೆಂದ. ಕೆಂಪು ಸೆರಗು ಇದೆ, ದಡಿ ಇದೆ, ಬೆಲೆಯೂ ಕಡಿಮೆ. ಬೆರಳಲ್ಲಿ ಉಜ್ಜಿದರೆ ಪಾಲಿಯೆಸ್ಟರ್. ಉಡಲು ಅದೇನೂ ಕೆಟ್ಟದ್ದಲ್ಲ. ಕಸೂತಿಗೆ ಮಾತ್ರ ಆಗುವುದಿಲ್ಲ. ಕಸೂತಿಯಲ್ಲಿ ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವ ಪದ್ಧತಿ ಇಲ್ಲವಲ್ಲ, ಬಟ್ಟೆಯ ಎಳೆ ಎಣಿಸಿಯೇ ಹೊಲಿಯಬೇಕು. ಪಾಲಿಯೆಸ್ಟರ್ ಎಳೆ ಜಾರುತ್ತದೆ, ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಸೂಜಿಯ ಮೊನೆಗೆ ಬಿಡಿಬಿಡಿಯಾಗಿ ಸಿಗುವುದಿಲ್ಲ.

ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ಸೀರೆಯ ಅಂಚಿನ ಉದ್ದಕ್ಕೂ ಸಣ್ಣ ಸಣ್ಣ ತೂತುಗಳ ಸಾಲು ಇದೆಯೇ ನೋಡಿ. ಕೈಮಗ್ಗದಲ್ಲಿ ಬಟ್ಟೆ ಮುದುಡದ ಹಾಗೆ ಅಗಲಕ್ಕೆ ಎಳೆದು ಹಿಡಿಯುವ ಕಡ್ಡಿಯ ಮೊಳೆ ಗುರುತು ಅದು. ಆಮೇಲೆ ಒಡಲು ಮತ್ತು ಸೆರಗು ಕೂಡುವ ಜಾಗ ನೋಡಿ. ಕೈಮಗ್ಗದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದನೆಯ ಎಳೆ) ಬೇರೆ, ಸೆರಗಿನ ಕೆಂಪು ರೇಷ್ಮೆ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಆ ಕೊಂಡಿಯ ಗೆರೆ ಬೆರಳಿಗೆ ತಾಕುತ್ತದೆ. ಒಂದು ಗುಂಡುಸೂಜಿ ಮತ್ತು ಇಂಚುಪಟ್ಟಿ ಪರ್ಸಿನಲ್ಲಿ ಇಟ್ಟುಕೊಂಡಿದ್ದರೆ ಒಂದು ಇಂಚಿನ ಎಳೆ ಅಲ್ಲೇ ಎಣಿಸಬಹುದು. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ ಬಿಡಿ.

ಪೇಟೆಯಲ್ಲಿ ಸಿಗದೇ ಇದ್ದಾಗ ಇಳಕಲ್ಲಿಗೇ ಹೇಳಿ ನೇಯಿಸುವುದು ಎಂದಾಯಿತು. ಸೊಲ್ಲಾಪುರದಿಂದ ವಿಜಯಪುರ ಸುಮಾರು ನೂರು ಕಿಲೋಮೀಟರು. ಹಳೆಯ 13ನೇ ನಂಬರ್ ಹೆದ್ದಾರಿ ಅಲ್ಲಿಂದ ಮುಂದೆ ಇಳಕಲ್ಲಿನ ಮೇಲೇ ಹಾಯ್ದು ಹೊಸಪೇಟೆ ಕಡೆಗೆ ಹೋಗುತ್ತದೆ. ವಿಜಯಪುರದ ನೆಂಟರ ಮೂಲಕ ಒಬ್ಬ ನೇಕಾರರ ನಂಬರ್ ಸಿಕ್ಕಿತು. ಹತ್ತಿ ಹಾಸು, ಹತ್ತಿ ಹೊಕ್ಕು (ಅಡ್ಡ ಎಳೆ), ರೇಷ್ಮೆ ಸೆರಗು, ಸೆರಗಿಗೆ ತೋಪ ತೆನಿ ವಿನ್ಯಾಸ, ಆರು ವಾರ ಉದ್ದ. ಬೆಲೆ 4,200, ಅರ್ಧ ಮುಂಗಡ. ಫೋನಿನಲ್ಲಿ ಹೇಳಿದ್ದನ್ನೆಲ್ಲ ಮೆಸೇಜಿನಲ್ಲೂ ಬರೆದು ಕಳಿಸಿ: ಒಡಲಿನ ಬಣ್ಣ, ದಡಿಯ ಅಗಲ, ಉದ್ದ, ಒಡಲು ಹತ್ತಿಯೋ ರೇಷ್ಮೆಯೋ, ಎಲ್ಲ. ಕಸೂತಿಗೆ ಎಂದು ಒತ್ತಿ ಹೇಳಿ. ಹಾಗೆ ಹೇಳಿದರೆ ಅವರೇ ಒಡಲಿನಲ್ಲಿ ಗೆರೆ, ಚೌಕಳಿ ಏನೂ ಇಲ್ಲದೆ ಸಾದಾ ಇಡುತ್ತಾರೆ.

ಆಮೇಲೆ ಮಳೆ ಶುರುವಾಯಿತು. ಇಳಕಲ್ಲಿನ ಮಗ್ಗ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವಂಥದ್ದು. ಮಳೆಗಾಲದಲ್ಲಿ ಕುಣಿಗೆ ತೇವ ಏರುತ್ತದೆ, ಹಾಸಿನ ಎಳೆಗೆ ಹಾಕಿದ ಗಂಜಿ ಬೇಗ ಒಣಗುವುದಿಲ್ಲ, ಎಳೆ ಹರಿಯುತ್ತದೆ. ನೇಕಾರರು ಫೋನಿನಲ್ಲಿ "ಬಿಸಿಲು ಬೀಳಲಿ ಅಕ್ಕಾ" ಎನ್ನುತ್ತಿದ್ದರು. ಅವರದ್ದೇನೂ ತಪ್ಪಿಲ್ಲ. ಆದರೆ ಇತ್ತ ಮಗಳ ತಿಂಗಳು ಏರುತ್ತಿತ್ತು. ರಾತ್ರಿ ಮಲಗಿದರೆ ಕ್ಯಾಲೆಂಡರೇ ಕಣ್ಣಿಗೆ ಬರುತ್ತಿತ್ತು. ಮಳೆಗಾಲಕ್ಕೆ ಮೊದಲೇ ಆರ್ಡರ್ ಕೊಡಲು ಆಗುವವರು ಕೊಟ್ಟುಬಿಡಿ. ನಮ್ಮ ಹಾಗೆ ಕೂಸಿನ ಲೆಕ್ಕ ಹಿಡಿದು ಹೊರಟವರಿಗೆ ಆ ಆಯ್ಕೆ ಇರುವುದಿಲ್ಲ.

ಕಾಯುವ ಕಾಲ ಸುಮ್ಮನೆ ಹೋಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಪಡಸಾಲೆಯಲ್ಲಿ ಅಕ್ಕಪಕ್ಕದವರು ಸೇರುತ್ತೇವೆ. ಒಬ್ಬರು ಧಾರವಾಡದಿಂದ ಮದುವೆಯಾಗಿ ಬಂದವರು. ಅವರ ಕೈ ಪಳಗಿದ ಕೈ. ಇನ್ನೊಬ್ಬರು ಮರಾಠಿಯವರು, ಅಡ್ಡಕತ್ತರಿ ಹೊಲಿಗೆಯಲ್ಲಿ (ಕ್ರಾಸ್ ಸ್ಟಿಚ್) ಎತ್ತಿದ ಕೈ. ಎಳೆ ಎಣಿಸಲು ಸುಲಭವಾದ ದಪ್ಪ ಮ್ಯಾಟಿ ಬಟ್ಟೆಯ ಮೇಲೆ ನಾವೆಲ್ಲ ಕೈ ಕುದುರಿಸಿಕೊಂಡೆವು. ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರಗಿ, ನೇಗಿ, ಮೆಂತಿ. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಅದೇ ಗೆರೆಯಲ್ಲಿ ವಾಪಸು ಬರುವಾಗ ಬಿಟ್ಟ ಜಾಗವೆಲ್ಲ ತುಂಬುತ್ತದೆ. ಮುರಗಿಯೂ ಇದೇ ಜಾತಿ, ಆದರೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ. ಇವೆರಡರಲ್ಲೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ನೇಗಿ ಉದ್ದುದ್ದ ಹೊಲಿಗೆ, ನೇಯ್ದಂತೆ ಕಾಣುತ್ತದೆ. ಮೆಂತಿ ತುಂಬುವ ಹೊಲಿಗೆ, ದಾರ ಜಾಸ್ತಿ ತಿನ್ನುತ್ತದೆ. ಗವಂತಿಗೆ ಹೊರದೇಶದವರು ಹೋಲ್ಬೈನ್ ಎನ್ನುತ್ತಾರೆ. ಆ ಹೆಸರು ಹಾಕಿ ಹುಡುಕಿದರೆ ಒಳ್ಳೊಳ್ಳೆಯ ವಿಡಿಯೊ ಸಿಗುತ್ತವೆ.

ಹೊಸಬರು ಜಾಸ್ತಿ ತಡವರಿಸುವುದು ದಾರ ಹೋಗುವ ದಾರಿಯಲ್ಲಿ. ಗೋಪುರದ ಚಿತ್ರದಲ್ಲಿ ಕಳಸಕ್ಕೆ ಹೋದ ದಾರ ವಾಪಸು ಬರಲು ಗೆರೆ ಇಲ್ಲ ಎಂದು ನಡುವೆ ಕತ್ತರಿಸುತ್ತಾರೆ. ಹಾಗೆ ಕತ್ತರಿಸಬೇಕಾಗಿಯೇ ಇಲ್ಲ. ಗವಂತಿಯಲ್ಲಿ ಪ್ರತಿ ಗೆರೆಯ ಮೇಲೂ ದಾರ ಎರಡು ಸಲ ಹೋಗುತ್ತದೆ. ಹಾಗಾಗಿ ಒಂದಕ್ಕೊಂದು ಕೂಡಿರುವ ಯಾವ ಚಿತ್ರವೇ ಆಗಲಿ, ಎಲ್ಲಿ ಶುರು ಮಾಡಿದಿರೋ ಅಲ್ಲಿಗೇ ಬಂದು ಮುಗಿಸಬಹುದು. ನಿಯಮ ಇಷ್ಟೇ. ಕವಲು ಬಂದ ಕೂಡಲೇ ಕವಲಿಗೆ ಹೋಗಿ. ತುದಿ ಮುಟ್ಟಿ. ತುಂಬಿಕೊಂಡು ವಾಪಸು ಬನ್ನಿ. ಆಮೇಲೆ ಮುಖ್ಯ ಗೆರೆ ಮುಂದುವರಿಸಿ. ಮೊದಮೊದಲು ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬಾಣ ಹಾಕಿಕೊಳ್ಳಿ. ವಾಪಸು ಬರುವಾಗ ಗೆರೆ ಸೊಟ್ಟಗಾಗುತ್ತಿದ್ದರೆ ಇದನ್ನು ಮಾಡಿ ನೋಡಿ: ಸೂಜಿಯನ್ನು ಮೊದಲಿನ ಹೊಲಿಗೆಯ ಒಂದು ಪಕ್ಕದಿಂದ ಮೇಲೆ ತಂದು, ಮುಂದಿನ ಹೊಲಿಗೆಯ ಇನ್ನೊಂದು ಪಕ್ಕದಿಂದ ಕೆಳಗೆ ಇಳಿಸಿ. ಪ್ರತಿ ಸಲ ಹೀಗೇ ಮಾಡಿದರೆ ಗೆರೆ ನೆಟ್ಟಗೆ ಕೂಡುತ್ತದೆ. ಗಂಟು ಹಾಕಬಾರದು. ದಾರದ ತುದಿಯನ್ನು ಮುಂದೆ ಬರುವ ಗೆರೆಯೊಳಗೇ ಎರಡು ಮೂರು ಪುಟ್ಟ ಹೊಲಿಗೆಯಲ್ಲಿ ಅಡಗಿಸಿದರೆ ವಾಪಸು ಬರುವ ದಾರ ಅದನ್ನು ಮುಚ್ಚುತ್ತದೆ.

ಸೀರೆ ನಾಗರ ಪಂಚಮಿ ಕಳೆದು ಬಂತು. ಬಿಚ್ಚಿದ ಕೂಡಲೇ ಮನೆ ತುಂಬ ಗಂಜಿಯ ವಾಸನೆ. ಕಪ್ಪು ಎಂದರೆ ಕಪ್ಪು, ಸೆರಗು ಕೆಂಪು ಎಂದರೆ ಕೆಂಪು. ಖುಷಿಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಎಳೆ ಎಣಿಸಿದೆ. ಅಗಲಕ್ಕೆ ಇಂಚಿಗೆ 64, ಉದ್ದಕ್ಕೆ 52.

ಇದು ನಾನು ನಿರೀಕ್ಷಿಸದ ತೊಡಕು. ಎರಡೂ ಕಡೆ ನಾಲ್ಕು ನಾಲ್ಕು ಎಳೆ ಎಣಿಸಿ ಹೊಲಿದರೆ ಚೌಕ ಚೌಕವಾಗಿ ಬರುವುದಿಲ್ಲ. ಆನೆ ಹೊಟ್ಟೆ ಎಳೆದುಕೊಂಡು ಒಂಟೆಯ ಹಾಗೆ ಉದ್ದವಾಗುತ್ತದೆ. ಧಾರವಾಡದ ಅಕ್ಕ ಕಾಗದದಲ್ಲಿ ಲೆಕ್ಕ ಹಾಕಿ ಪರಿಹಾರ ಹೇಳಿದರು. ಅಡ್ಡ ಹೊಲಿಗೆಗೆ 5 ಎಳೆ, ಉದ್ದ ಹೊಲಿಗೆಗೆ 4 ಎಳೆ. ಆಗ ಎರಡೂ ಕಡೆ ಇಂಚಿಗೆ ಹತ್ತಿರ ಹತ್ತಿರ 13 ಹೊಲಿಗೆ. ಮೂಲೆಯಲ್ಲಿ ಒಂದು ಸಣ್ಣ ಚೌಕ ಹೊಲಿದು ಅಳೆದರೆ ಸಮ ಬಂತು. ನಿಮ್ಮ ಸೀರೆಯ ಲೆಕ್ಕ ಬೇರೆ ಇರುತ್ತದೆ. ಆದರೆ ಈ ಎಣಿಕೆ ಮಾಡದೆ ದೊಡ್ಡ ಚಿತ್ರಕ್ಕೆ ಕೈ ಹಾಕಬೇಡಿ. ಒಂದು ಚಿತ್ರ ಎಷ್ಟು ಜಾಗ ಹಿಡಿಯುತ್ತದೆ ಎಂಬುದೂ ಇದರಿಂದಲೇ ಗೊತ್ತಾಗುತ್ತದೆ. ಚೌಕುಳಿ ಹಾಳೆಯ ಮೇಲೆ 91 ಮನೆ (ಚೌಕ) ಅಗಲದ ಗೋಪುರ ಎಂದರೆ ಬಟ್ಟೆಯ ಮೇಲೆ 7 ಇಂಚು.

ಎಣಿಸುವ ಗೋಜೇ ಬೇಡ, ಮೇಲೆ ಜಾಳಿ ಕ್ಯಾನ್ವಾಸ್ ಇಟ್ಟು ಅದರ ಮನೆ ನೋಡಿ ಹೊಲಿದು, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯಿರಿ ಎಂದು ಇಬ್ಬರು ಸಲಹೆ ಕೊಟ್ಟರು. ಕ್ರೇಪ್, ರೇಷ್ಮೆಯಂಥ ಬಟ್ಟೆಗೆ ಅದು ಒಳ್ಳೆಯ ಉಪಾಯವೇ. ಈಗ ಬಹಳ ಜನ ಹಾಗೇ ಮಾಡುತ್ತಾರೆ. ಆದರೆ ಕ್ಯಾನ್ವಾಸ್ ತೆಗೆದ ಮೇಲೆ ಅದರ ದಪ್ಪದಷ್ಟು ಹೊಲಿಗೆ ಸಡಿಲ ಉಳಿಯುತ್ತದೆ. ಎಣಿಸಲು ಬರುವ ಬಟ್ಟೆ ಕೈಯಲ್ಲಿರುವಾಗ ನನಗೆ ಅದು ಬೇಡ ಅನ್ನಿಸಿತು.

ಬಣ್ಣದ ಪರೀಕ್ಷೆ ಮರೆಯಬೇಡಿ. ಬಿಳಿ ಬಟ್ಟೆ ಒದ್ದೆ ಮಾಡಿ ಹಿಂಡಿ, ಸೆರಗಿನ ಮೂಲೆಗೆ ಒತ್ತಿ ಹಿಡಿದೆ. ಗುಲಾಬಿ ಬಣ್ಣ ಹತ್ತಿತು. ದಾರದ ಕೆಂಪನ್ನೂ ಹಾಗೇ ನೋಡಿದೆ, ಅದು ಬಿಡಲಿಲ್ಲ. ಉಪ್ಪು ಹಾಕಿ, ವಿನೆಗರ್ ಹಾಕಿ, ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸೆರಗಿನ ಕುಚ್ಚಿನಿಂದ ತೆಗೆದ ಎಳೆಯ ಮೇಲೆ ಮಾಡಿ ನೋಡಿದೆ, ಏನೂ ಉಪಯೋಗವಾಗಲಿಲ್ಲ. ಬಣ್ಣ ಬಿಡುವ ಸೆರಗು ಎಂದರೆ ಇಡೀ ಕೆಲಸದಲ್ಲಿ ಸೀರೆಗೆ ನೀರು ಸೋಕಬಾರದು. ನೀರಲ್ಲಿ ಅಳಿಸುವ ಪೆನ್ನಿನಿಂದ ಗುರುತು ಹಾಕುವ ಹಾಗೂ ಇಲ್ಲ. ಅದಕ್ಕೇ ಹಳದಿ ಹೊಲಿಗೆ ದಾರದಿಂದ ಉದ್ದಕ್ಕೂ ಅಡ್ಡಕ್ಕೂ ಹತ್ತು ಹತ್ತು ಮನೆಗೆ ಒಂದರಂತೆ ದೊಡ್ಡ ಟಾಕಿ (ಕಚ್ಚಾ ಹೊಲಿಗೆ) ಹಾಕಿಕೊಂಡೆ. ಬೇಸರದ ಕೆಲಸ. ಆದರೆ ಒಮ್ಮೆ ಆ ಬಲೆ ಹಾಕಿದರೆ ಮುಂದೆ ಎಣಿಕೆ ತಪ್ಪಿದ್ದು ಅಲ್ಲೇ ಗೊತ್ತಾಗುತ್ತದೆ. ಹೊಲಿಗೆ ಮುಂದುವರಿದ ಹಾಗೆ ಟಾಕಿ ಕಿತ್ತುಹಾಕಿ.

ದಾರ ಆ್ಯಂಕರ್ ಕಂಪನಿಯ ಹತ್ತಿ ದಾರ. ಒಂದು ಲಡಿಯಲ್ಲಿ 8 ಮೀಟರು, ಆರು ಎಳೆ. ನಾನು ಕೊಂಡಾಗ ಒಂದು ಲಡಿಗೆ ಹತ್ತು ಹದಿನೈದು ರೂಪಾಯಿ ಇತ್ತು. ಕೆಂಪು, ಕಿತ್ತಳೆ, ಹಸಿರು, ನೇರಳೆ, ಬಿಳಿ. ಗವಂತಿ ಮುರಗಿಗೆ ಎರಡೆಳೆ ತೆಗೆದುಕೊಂಡೆ. ಒಂದೆಳೆ ಸಾಕು ಎನ್ನುವವರೂ ಇದ್ದಾರೆ. ಕಪ್ಪು ಬಟ್ಟೆಯ ಮೇಲೆ ಒಂದೆಳೆ ದೂರಕ್ಕೆ ಕಾಣುವುದೇ ಇಲ್ಲ. ದಾರ ಮೊಣಕೈಯಿಂದ ಬೆರಳ ತುದಿಯವರೆಗೆ ಇದ್ದರೆ ಸಾಕು. ಉದ್ದವಾದರೆ ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಜುಂಗು ಏಳುತ್ತದೆ. ನಡುನಡುವೆ ಸೂಜಿಯನ್ನು ಜೋತುಬಿಟ್ಟರೆ ದಾರದ ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ಬಿಳಿ ದಾರದ ಕೆಲಸ ಕೊನೆಗೆ ಇಟ್ಟುಕೊಳ್ಳಿ. ಕಪ್ಪು ಬಟ್ಟೆಗೆ ಉಜ್ಜಿದ ಬಿಳಿ ಬೂದಿಯಾಗುತ್ತದೆ.

ಪೇಟೆಯಲ್ಲಿ ನಮ್ಮ ನಂಬರಿನ ಕೆಂಪು ಕೆಲವೇ ಲಡಿ ಇದ್ದವು. ಉಳಿದದ್ದು ಧಾರವಾಡದಿಂದ ಬಸ್ ಪಾರ್ಸೆಲಿನಲ್ಲಿ ತರಿಸಿಕೊಂಡೆ. ನಂಬರ್ ಒಂದೇ, ಆದರೆ ಬಿಸಿಲಿಗೆ ಹಿಡಿದರೆ ಕೂದಲೆಳೆಯಷ್ಟು ವ್ಯತ್ಯಾಸ. ಬಣ್ಣ ಹಾಕಿದ ಸಲ ಬೇರೆಯಾದರೆ ಹೀಗಾಗುತ್ತದೆ. ಒಂದೇ ಚಿತ್ರದ ನಡುವೆ ದಾರ ಬದಲಾಯಿಸದೆ, ಹೊಸ ಲಡಿಗಳನ್ನು ತೊಟ್ಟಿಲಿನ ಚಿತ್ರಗಳಿಗೆ ಮಾತ್ರ ಎತ್ತಿಟ್ಟೆ. ಈಗ ಯಾರಿಗೂ ಗೊತ್ತಾಗುವುದಿಲ್ಲ. ಲಡಿಯ ಮೇಲಿನ ಕಾಗದದ ಪಟ್ಟಿ ಬಿಸಾಡಬೇಡಿ, ನೋಟ್‌ಬುಕ್ಕಿನಲ್ಲಿ ಅಂಟಿಸಿ ಪಕ್ಕದಲ್ಲಿ ಎರಡು ಹೊಲಿಗೆಯಷ್ಟು ದಾರವನ್ನೂ ಅಂಟಿಸಿ.

ಕಣ್ಣಿನ ಮಾತು ಬೇರೆಯೇ ಹೇಳಬೇಕು. ಕಪ್ಪು ಬಟ್ಟೆಯ ಎಳೆ ರಾತ್ರಿ ಲೈಟಿನಲ್ಲಿ ಕಾಣುವುದಿಲ್ಲ. ತೊಡೆಯ ಮೇಲೆ ಬಿಳಿ ಟವೆಲ್ ಹಾಸಿ ಅದರ ಮೇಲೆ ಸೀರೆ ಇಟ್ಟುಕೊಂಡರೆ ಎಳೆಗಳ ನಡುವೆ ಬೆಳಕು ಕಾಣುತ್ತದೆ. ಬೆಳಗಿನ ಹತ್ತರಿಂದ ಸಂಜೆ ನಾಲ್ಕರವರೆಗೆ ಕಿಟಕಿಯ ಪಕ್ಕ, ಅಷ್ಟೇ ಹೊತ್ತು. ಆದರೂ ತಲೆನೋವು ಶುರುವಾಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಚಾಳೀಸು ಬದಲಾಗಿದೆ ಎಂದರು. ಅಲ್ಲಿ ಒಂದು ಮಾತು ಹೇಳುವುದು ಮುಖ್ಯ: ಸೂಜಿ ಹಿಡಿಯುವ ದೂರವನ್ನು ತೋರಿಸಿ. ಪೇಪರ್ ಓದುವ ದೂರಕ್ಕೆ ಕೊಡುವ ಗ್ಲಾಸು ಕಸೂತಿಗೆ ಸಾಲುವುದಿಲ್ಲ, ನಾವು ಇನ್ನೂ ಹತ್ತಿರ ಹಿಡಿಯುತ್ತೇವೆ. ಕನ್ನಡಕಕ್ಕೆ 1,800 ಆಯಿತು. ಕಣ್ಣಿಗೆ ಡ್ರಾಪ್ಸ್ ಹಾಕಿದರೆ ಅವತ್ತು ಹೊಲಿಗೆ ಇಲ್ಲ, ಅದನ್ನೂ ಲೆಕ್ಕ ಹಿಡಿಯಿರಿ.

ಇಷ್ಟರಲ್ಲಿ ಬೀಗರ ಫೋನ್ ಬಂತು. ದಸರೆ ಆದ ಮೇಲೆ ಎಂದಿದ್ದ ಕುಬಸವನ್ನು ಪಿತೃಪಕ್ಷ ಮುಗಿದ ಕೂಡಲೇ, ನವರಾತ್ರಿಯ ಮೊದಲ ದಿನಗಳಲ್ಲೇ ಇಟ್ಟುಕೊಳ್ಳೋಣ ಎಂದರು. ಡಾಕ್ಟರು ಮಗಳಿಗೆ ಜಾಸ್ತಿ ಓಡಾಟ ಬೇಡ ಅಂದಿದ್ದರು. ಕಾರಣ ಸರಿಯೇ. ಆದರೆ ಫೋನ್ ಇಟ್ಟ ಮೇಲೆ ಕೈ ಕಾಲು ತಣ್ಣಗಾದವು. ಗೋಪುರ ಆಗಿತ್ತು, ತೇರು ಅರ್ಧ ಆಗಿತ್ತು. ಆನೆ ಅಂಬಾರಿ, ತುಳಸಿಕಟ್ಟೆ, ತೊಟ್ಟಿಲು ಯಾವುದೂ ಶುರುವೇ ಆಗಿರಲಿಲ್ಲ.

ಅವತ್ತು ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಹಂಚಿಕೊಂಡೆವು. ನಾಲ್ಕು ಕೈ ಸೇರಿದರೆ ಬೇಗ ಆಗುತ್ತದೆ ಎನ್ನುವುದು ಅರ್ಧ ಸತ್ಯ. ಒಬ್ಬೊಬ್ಬರ ಕೈ ಬಿಗಿ ಬೇರೆ. ಒಬ್ಬರ ಹೊಲಿಗೆ ಬಟ್ಟೆಯನ್ನು ಎಳೆಯುತ್ತದೆ, ಇನ್ನೊಬ್ಬರದು ಸಡಿಲ. ಒಂದೇ ಆನೆಯ ತಲೆ ಒಬ್ಬರು, ಬಾಲ ಇನ್ನೊಬ್ಬರು ಹಾಕಿದರೆ ಅದು ಎದ್ದು ಕಾಣುತ್ತದೆ. ಅದಕ್ಕೇ ಒಂದೇ ಚಿತ್ರವನ್ನು ಒಡೆದು ಹಂಚದೆ ಕೆಲಸದ ಬಗೆ ನೋಡಿ ಹಂಚಿದೆವು. ಧಾರವಾಡದ ಅಕ್ಕನಿಗೆ ತುಳಸಿಕಟ್ಟೆ ಮತ್ತು ದಡಿಯ ಪಕ್ಕದ ಮುರಗಿ ಸಾಲು ಪೂರ್ತಿ. ಮರಾಠಿ ಗೆಳತಿಗೆ ಮೆಂತಿ ತುಂಬುವ ಕೆಲಸ ಪೂರ್ತಿ. ದೊಡ್ಡ ಚಿತ್ರಗಳ ಗವಂತಿ ನನಗೆ. ಸೀರೆ ಒಂದೇ ಆದ್ದರಿಂದ ಒಬ್ಬರು ಸೆರಗಿನ ಕಡೆ, ಒಬ್ಬರು ಒಡಲಿನ ಕಡೆ, ನಡುವಿನ ಮಡಿಕೆ ದಿಂಬಿನ ಮೇಲೆ. ಚಹಾ ಮಾತ್ರ ಅಡುಗೆಮನೆಯಲ್ಲೇ ಕುಡಿಯಬೇಕು ಎಂದು ಕಾಯಿದೆ.

ಹೊತ್ತು ಸಾಲದು ಎಂದು ಗೊತ್ತಾದಾಗ ಒಡಲಿನ ಬುಟ್ಟಿಗಳನ್ನು (ಸಣ್ಣ ಬಿಡಿ ಚಿತ್ರಗಳನ್ನು) ಕಡಿಮೆ ಮಾಡಿದೆ. ಹಳೆಯ ಸೀರೆಗಳಲ್ಲೂ ಸೆರಗಿನ ಹತ್ತಿರ ದೊಡ್ಡ ಚಿತ್ರ, ದಟ್ಟ ಕೆಲಸ. ದೂರ ಹೋದ ಹಾಗೆ ಚಿತ್ರ ಸಣ್ಣದು, ವಿರಳ. ನೆರಿಗೆಯೊಳಗೆ ಹೋಗುವ ಕಡೆ ಚಿಕ್ಕಿ ಮಾತ್ರ. ಆದ್ದರಿಂದ ಮೊದಲು ಸೆರಗಿನ ಪಕ್ಕದಿಂದ ಶುರು ಮಾಡಿ ಒಡಲಿನ ಕಡೆ ಹೋಗಿ. ಎಲ್ಲಿ ನಿಲ್ಲಿಸಿದರೂ ಸೀರೆ ಮುಗಿದಂತೆಯೇ ಕಾಣುತ್ತದೆ.

ಕೊನೆಯ ವಾರದ ಬಗ್ಗೆ ಹೇಳುವಂಥದ್ದು ಕಡಿಮೆ. ಹೊಲಿದೆವು, ಅಷ್ಟೇ. ಫಾಲ್ ಹಚ್ಚುವುದು ಕಸೂತಿ ಮುಗಿದ ಮೇಲೆಯೇ ಇರಲಿ, ಮೊದಲೇ ಹಚ್ಚಿದರೆ ದಡಿಯ ಹಿಂಬದಿ ಸಿಗುವುದಿಲ್ಲ. ಇಸ್ತ್ರಿ ಮಾಡುವಾಗ ದಪ್ಪ ಟವೆಲಿನ ಮೇಲೆ ಸೀರೆ ಮಗುಚಿ ಹಾಕಿ ಹಿಂದಿನಿಂದ ಒತ್ತಬೇಕು. ಮುಂದಿನಿಂದ ಒತ್ತಿದರೆ ಹೊಲಿಗೆ ಚಪ್ಪಟೆಯಾಗುತ್ತದೆ. ಹಬೆ ಬೇಡ, ಸೆರಗಿನ ಬಣ್ಣ ನೆನಪಿರಲಿ. ಕುಪ್ಪಸಕ್ಕೆ ಗುಳೇದಗುಡ್ಡದ ಖಣ ತಂದಿದ್ದೆ.

ಕುಬಸದ ದಿನ ಹಿರಿಯರೊಬ್ಬರು ಆರತಿ ಎತ್ತುವ ಮೊದಲು ಸೆರಗಿನ ಪಕ್ಕದ ತುದಿ ಎತ್ತಿ ಹಿಂಬದಿ ನೋಡಿದರು. ಕಸೂತಿ ಬಲ್ಲವರು ಮೊದಲು ನೋಡುವುದೇ ಅದನ್ನು. ಮಷೀನಿನಲ್ಲಿ ಹಾಕಿದ್ದನ್ನು ಕೈ ಕಸೂತಿ ಎಂದು ಮಾರಿದರೂ ನೀವು ಹೀಗೇ ಗುರುತು ಹಿಡಿಯಬಹುದು. ಮುಂದೆ ಎಲ್ಲ ಸರಿ ಇರುತ್ತದೆ, ಹಿಂದೆ ಬೇರೆ ದಾರ ಓಡಿರುತ್ತದೆ. ಅವರು ಏನೂ ಹೇಳಲಿಲ್ಲ, ತುದಿ ಬಿಟ್ಟು ಆರತಿ ಎತ್ತಿದರು. ಅಷ್ಟು ಸಾಕಾಯಿತು ನನಗೆ.

ಖರ್ಚಿನ ಲೆಕ್ಕ ಕೇಳುವವರಿಗೆ: ಸೀರೆ 4,200, ದಾರ ಪಾರ್ಸೆಲ್ ಸೇರಿ 900ರ ಸುಮಾರು, ಕನ್ನಡಕ 1,800, ಖಣ ಮತ್ತು ಹೊಲಿಗೆ 750, ಫಾಲ್ 120. ಇಬ್ಬರು ಗೆಳತಿಯರಿಗೆ ಒಂದೊಂದು ಖಣ. ದುಡ್ಡು ಕೊಡಲು ಹೋದರೆ ಜಗಳಕ್ಕೆ ಬಂದರು. ನಮ್ಮ ಹೊತ್ತಿಗೆ ಬೆಲೆ ಕಟ್ಟಿದರೆ ಈ ಪಟ್ಟಿಯೆಲ್ಲ ಅದರ ಮುಂದೆ ಚಿಲ್ಲರೆ. ಮಾರಾಟಕ್ಕೆ ಎಂದು ಹಾಕುವವರು ಗಂಟೆಗೆ ಇಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ. ಚಿತ್ರಕ್ಕೆ ಇಷ್ಟು ಎಂದರೆ ನಿಮಗೇ ಲುಕ್ಸಾನು.

ಉಟ್ಟ ಮೇಲೆ ನೆರಳಲ್ಲಿ ಗಾಳಿಗೆ ಹಾಕಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಒಗೆಯುವ ಹೊತ್ತು ಬಂದರೆ ಡ್ರೈಕ್ಲೀನ್‌ಗೇ ಕೊಡುವುದು. ಮಗಳ ಅತ್ತೆಯವರು ತಮಗೂ ಇಂಥದ್ದೇ ಒಂದು ಬೇಕು ಎಂದು ಫೋನಿನಲ್ಲಿ ಹೇಳುತ್ತಿದ್ದಾರೆ. ಸದ್ಯಕ್ಕೆ ಕುಪ್ಪಸದ ತೋಳಿಗೆ ಎರಡು ಗಿಳಿ ಹಾಕಿಕೊಡುತ್ತೇನೆ ಎಂದಿದ್ದೇನೆ.